ವಾರ್ನಿಷ್ ವಾಸನೆಯ ಅಂಗಿ

ಮರಕ್ಕೆ ಪಾಲಿಶ್ ಹಾಕುವವನನ್ನು ಮನಸಾರೆ ಮೆಚ್ಚಿ ಮದುವೆಯಾದವಳು ಅವಳು. ಸಂಜೆ ಅವನು ಬಂದರೆ ವಾರ್ನಿಷ್ ಘಮದ ಅಂಗಿಗೆ ಮುಖ ಒತ್ತಿ, ಮುಂಗುರುಳ ಸಂದಿಯಿಂದ ತುಂಟನೋಟ ಬೀರುತ್ತಿದ್ದಳು. ಬಸಿರಿನ ಎರಡನೇ ತಿಂಗಳಲ್ಲಿ ಅದೇ ಅಂಗಿ ಹೊಸ್ತಿಲು ದಾಟಿದ್ದೇ ತಡ, ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದಳು.

ಪಾಪ, ಅವನೇನು ಕಡಿಮೆ ಒದ್ದಾಡಿದನೇ? ದಿನಕ್ಕೆ ಮೂರು ಸ್ನಾನ, ಉಗುರಿನ ಸಂದಿಗೆಲ್ಲ ಬ್ರಷ್. ಏನು ಮಾಡಿದರೂ ಅಷ್ಟೇ. ಅವನ ಹಾಸಿಗೆ ಹಜಾರಕ್ಕೆ ಬಂತು. ಅವಳಿಗೆ ಬೇಡವಾದದ್ದು ವಾಸನೆಯಲ್ಲ, ತಾನೇ ಎಂಬ ಕೊರಗು ಅವನ ಮನಸ್ಸಿಗೆ ಹೊಕ್ಕಿತು. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಮಗಳು ಹುಟ್ಟಿ ನಾಲ್ಕು ದಿನವಾಗಿತ್ತು. ಬಾಣಂತಿ ಬೆಳಿಗ್ಗೆಯಿಂದ ಸುಮ್ಮಸುಮ್ಮನೆ ಅಳುತ್ತಿದ್ದಾಳೆ ಎಂದು ಅತ್ತೆ ಬಂದು ಹೇಳಿಹೋದರು. ತನ್ನ ವಾಸನೆಯೇ ಕಾರಣ ಎಂದುಕೊಳ್ಳಲು ಅಷ್ಟು ಸಾಕಾಯಿತು ಅವನಿಗೆ. ಕುರ್ಚಿ ಮೇಜಿನ ಅಂಗಡಿಯೊಂದಕ್ಕೆ ಫೋನ್ ಮಾಡಿ ನಾಳೆಯಿಂದ ಮಾರಾಟದ ಕೆಲಸಕ್ಕೆ ಬರುತ್ತೇನೆಂದ. ಎಷ್ಟು ಒಗೆದರೂ ವಾಸನೆ ಹೋಗದ ಕೆಲಸದ ಅಂಗಿಗಳನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ಗಂಟು ಕಟ್ಟಿದರೆ ಒಂದು ಕಡಿಮೆ.

ಹುಡುಕುತ್ತ ಕೋಣೆಯ ಬಾಗಿಲಿಗೆ ಬಂದ. ತೆಳು ಪರದೆಯಿಂದ ಮಧ್ಯಾಹ್ನದ ಬಿಸಿಲು ಸೋಸಿ ಬಂದು ತೊಟ್ಟಿಲ ಮೇಲೆ ಬಿದ್ದಿತ್ತು. ಅಭ್ಯಾಸಬಲದಿಂದ ಹೊಸ್ತಿಲಾಚೆಯೇ ನಿಂತ.

"ಪಾಲಿಶ್ ಕೆಲಸ ಬಿಟ್ಟೆ. ಇನ್ಮೇಲೆ ಆ ವಾಸನೆ ಈ ಮನೆಗೆ ಬರಲ್ಲ," ಎಂದ.

ಅವಳ ಕಣ್ಣಲ್ಲಿ ಮತ್ತೆ ನೀರು ತುಂಬಿತು. "ಹಾಗಾದ್ರೆ ನಾನು ಏನನ್ನ ಮೂಸಲಿ?" ಎನ್ನುತ್ತ ದಿಂಬಿನ ಕೆಳಗಿಂದ ಆ ಅಂಗಿ ಎಳೆದಳು.



ಅವಳು ರಕ್ತಪರೀಕ್ಷೆಯ ಲ್ಯಾಬಿನವಳು. ಬೇರೆಯವರ ರಿಪೋರ್ಟಿನಲ್ಲಿ ದಿನವೂ ನೋಡಿದ್ದನ್ನು ಈಗ ಮೂಗೊರೆಸಿಕೊಳ್ಳುತ್ತ ಹೇಳಿದಳು: ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಹಾರ್ಮೋನುಗಳೆರಡೂ ಒಂಬತ್ತು ತಿಂಗಳು ಏರುತ್ತಲೇ ಇರುತ್ತವೆ, ಹೆರಿಗೆಯಾದ ಕೆಲವೇ ದಿನಗಳಲ್ಲಿ ದಬಕ್ಕನೆ ಇಳಿಯುತ್ತವೆ, ಹಾಲು ತರುವ ಪ್ರೊಲ್ಯಾಕ್ಟಿನ್ ಮಾತ್ರ ಮೇಲೇ ಉಳಿಯುತ್ತದೆ. ಬಸಿರಲ್ಲಿ ಕೆಟ್ಟಿದ್ದ ತನ್ನ ಮೂಗು ಸರಿಯಾಗಿದೆ, ಮನಸ್ಸು ಮಾತ್ರ ಇನ್ನೂ ತೂಗಾಡುತ್ತಿದೆ.

"ಅಂದ್ರೆ ಇದೆಲ್ಲ ಹಾರ್ಮೋನಿಂದಾನಾ?" ಅವನ ದನಿ ಇಳಿದಿತ್ತು.

"ಅಳು ಹಾರ್ಮೋನಿಂದು ರೀ. ಅಂಗಿ ಕದ್ದಿದ್ದು ನಾನು."

"ಕರೀಬಹುದಿತ್ತಲ್ಲೇ."

"ಅಷ್ಟು ದಿನ ದೂರ ಇಟ್ಟೋಳು ಯಾವ ಮುಖ ಇಟ್ಕೊಂಡು ಕರೀಲಿ?"

ಅವನು ಅಲ್ಲೇ ಅಂಗಡಿಗೆ ಫೋನ್ ಮಾಡಿ ಬರುವುದಿಲ್ಲವೆಂದ. ಆ ಅಂಗಿ ತೊಟ್ಟು ಮಂಚದ ಬಳಿ ಬಂದು ಬಾಗಿದ. ಅವಳು ಎರಡನೇ ಗುಂಡಿ ಹಿಡಿದು ಹತ್ತಿರ ಎಳೆದು, ಎದೆಗೆ ಮುಖ ಒತ್ತಿ, ಕಣ್ಣು ಮುಚ್ಚಿ ಉಸಿರೆಳೆದಳು. ತೊಟ್ಟಿಲಲ್ಲಿ ಮಗಳು ಚಿಕ್ಕದಾಗಿ ಸೀನಿದಳು.

"ಇವಳಿಗೂ ಅಭ್ಯಾಸ ಆಗ್ಲಿ," ಎಂದಳು ಅವಳು. "ಮೊದಲು ಹೋಗಿ ಆ ಹಜಾರದ ಹಾಸಿಗೆ ಒಳಗೆ ತನ್ನಿ."