ಕೋಟೆ ನೋಡಲು ಬಂದ ಮೂವರು

ಕೊರಟಗೆರೆ ಬಸ್ಸಿನಿಂದ ಗಂಗಣ್ಣ ಇಳಿದಾಗ ಓಬಳಮ್ಮನ ಮುಖ ಅರಳಿತು. ಅವನ ಹಿಂದೆಯೇ ಹಳದಿ ದಾವಣಿಯ ಹುಡುಗಿಯೊಬ್ಬಳು ಇಳಿದಾಗ, ಅರಳಿದ ಮುಖವನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯಲಿಲ್ಲ.

"ಇವಳು ಈಶ್ವರಿ. ನಮ್ಮಕ್ಕನ ಮಗಳು," ಎಂದ ಗಂಗಣ್ಣ, ನೆಲ ನೋಡುತ್ತ.

ಭಾನುವಾರ ನಿಮ್ಮೂರಿನ ಕೋಟೆ ತೋರಿಸಿ ಎಂದು ಅವನೇ ಕೇಳಿದ್ದ. ಇಬ್ಬರೇ ಹೋಗುತ್ತೇವೆ ಅಂದುಕೊಂಡು ಓಬಳಮ್ಮ ಚಿಕ್ಕಮ್ಮನಿಗೆ ಸುಳ್ಳು ಹೇಳಿ, ಮಲ್ಲಿಗೆ ಮುಡಿದು ಬಂದಿದ್ದಳು.

ಇಬ್ಬರೂ ಕೊರಟಗೆರೆಯ ಒಂದೇ ಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದರು. ಬೆಳಗಿನ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಬೇಕಾದವನು ಅವಳನ್ನೇ ನೋಡುತ್ತಿದ್ದ. ಅದು ಗೊತ್ತಾಗಬೇಕಾದರೆ ಅವಳೂ ಕಣ್ಣು ತೆರೆದಿರಲೇಬೇಕಿತ್ತಲ್ಲ! ಹಾಗೆ ಶುರುವಾಗಿತ್ತು. ಆದರೆ ಎಪ್ಪತ್ತೆಂಟರ ಆಷಾಢದಲ್ಲಿ ಗಂಗಣ್ಣನ ಭಾವ ಹಾವು ಕಚ್ಚಿ ತೀರಿಕೊಂಡರು. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ಲಕ್ಕಮ್ಮ, "ನನ್ನ ಮಗಳ ಕೈ ನೀನೇ ಹಿಡ್ಕೊಳ್ಳಪ್ಪ" ಎಂದು ಸೆರಗೊಡ್ಡಿದ್ದಳು. ಹೂಂ ಅನ್ನಲಾರದೆ, ಊಹೂಂ ಅನ್ನಲಾರದೆ ಅವನು ಕಾರ್ತಿಕದವರೆಗೆ ದಿನ ತಳ್ಳಿದ್ದ.

ಬೆಟ್ಟದ ಬಾಗಿಲಲ್ಲಿ ಈಶ್ವರಿ ಮುಂದೆ ಹೋದಾಗ ಗಂಗಣ್ಣ ಪಿಸುಗುಟ್ಟಿದ: "ಮನೇಲಿ ಅಕ್ಕನ ಮುಂದೆ ಬಾಯೇ ಬರಲ್ಲ. ಇವತ್ತು ಇವಳಿಗೆ ನಿಜ ಹೇಳ್ಬುಡ್ತೀನಿ. ಇವಳೇ ಬ್ಯಾಡ ಅಂದ್ರೆ ಅಕ್ಕ ಬಲವಂತ ಮಾಡಲ್ಲ. ನೀವು ಜೊತೆಗಿದ್ರೆ ನಂಗೆ ಧೈರ್ಯ."

"ಪಾಠ ಹೇಳೋ ಮೇಷ್ಟ್ರಿಗೆ ಇನ್ನೊಬ್ರ ಧೈರ್ಯ ಬೇಕಾ?" ಎಂದಳು ಓಬಳಮ್ಮ. ನಗು ಬಂದಿತು, ಆಸೆಯೂ ಬಂದಿತು.

ಊರಿನ ನಡುವೆ ಎದ್ದು ನಿಂತ ಒಂದೇ ಬಂಡೆ ಅದು. ಒಂದೊಂದೇ ಬಾಗಿಲು ದಾಟಿದಷ್ಟೂ ಕೆಳಗಿನ ಹೆಂಚಿನ ಮನೆಗಳು, ದೇವಸ್ಥಾನದ ಗೋಪುರ, ಸಂತೆ ಮೈದಾನ ಎಲ್ಲ ಚಿಕ್ಕವಾಗುತ್ತ ಹೋದವು. ಗಂಗಣ್ಣ ಮುಂದೆ ಹತ್ತುತ್ತಿದ್ದ. ಸುಸ್ತಾಗಿ ಕೋಟೆಗೋಡೆಯ ನೆರಳಿನಲ್ಲಿ ಕೂತ ಈಶ್ವರಿ, ಪಕ್ಕಕ್ಕೆ ಬಂದ ಓಬಳಮ್ಮನ ಸೆರಗು ಜಗ್ಗಿದಳು.

"ಅಕ್ಕ, ಒಂದು ಮಾತು ಕೇಳ್ಲಾ? ನಮ್ಮ ಮಾವನಿಗೆ ನಾನು ಇಷ್ಟ ಇಲ್ವಾ?"

ಓಬಳಮ್ಮ ಅವಳ ಪಕ್ಕದಲ್ಲೇ ಕೂತಳು. "ಯಾಕಮ್ಮ ಹಂಗಂತೀಯ?"

"ಮೊದ್ಲು ಮನೆಗೆ ಬಂದ್ರೆ ಜಡೆ ಎಳೆದು ಅಳಿಸೋರು. ಮದುವೆ ಮಾತು ಬಂದ್ಮೇಲೆ ನನ್ನ ಮಕ ನೋಡಿ ಒಂದ್ಸಲನೂ ನಕ್ಕಿಲ್ಲ. ನಂಗೆ ಚಿಕ್ಕೋಳಿದ್ದಾಗಿಂದ್ಲೂ ಮಾವ ಅಂದ್ರೆ ಪ್ರಾಣ ಅಕ್ಕ. ಯಾರಿಗೂ ಹೇಳಿಲ್ಲ. ನೀವು ಒಂದೇ ಸ್ಕೂಲ್ನೋರು. ನೀವು ಕೇಳಿದ್ರೆ ನಿಜ ಹೇಳ್ತಾರೆ. ಕೇಳ್ತೀರಾ?"

ಕೇಳುತ್ತೇನೆ ಎಂದಳು. ಬೇರೆ ಏನು ಹೇಳುವುದು?

ತುದಿಯಲ್ಲಿ ದೇವರಿಲ್ಲದ ಹಳೆಯ ಗುಡಿ. ಈಶ್ವರಿ ಆ ಬದಿಯ ಬಂಡೆಯ ಮೇಲೆ ನಿಂತು ದೂರದ ಚನ್ನರಾಯನದುರ್ಗದ ಬೆಟ್ಟ ಹುಡುಕುತ್ತಿದ್ದಳು. ಕಂಬದ ಮರೆಯಲ್ಲಿ ಓಬಳಮ್ಮ ಹೇಳಿದಳು: "ಅವಳು ಕೇಳು ಅಂತ ಕಳಿಸಿದ್ದಾಳೆ. ನಿಮಗೆ ಅವಳು ಇಷ್ಟಾನಾ ಅಂತ."

ಗಂಗಣ್ಣ ಅವಳನ್ನೇ ನೋಡಿದ. ಪ್ರಾರ್ಥನೆಯಲ್ಲಿ ನೋಡುತ್ತಿದ್ದ ಹಾಗೆಯೇ. "ಇಷ್ಟ ಯಾರು ಅಂತ ನಿಮಗೆ ಗೊತ್ತಿಲ್ವಾ?"

"ಹಂಗಾದ್ರೆ ಹೋಗಿ ಹೇಳಿ."

ಅವನು ಹೋದ. ಈಶ್ವರಿ ತಿರುಗಿ ಏನೋ ಹೇಳಿದಳು. ಗಾಳಿಗೆ ಮಾತು ಕೇಳಿಸಲಿಲ್ಲ. ಹುಡುಗಿ ಕಣ್ಣೊರೆಸಿಕೊಂಡಿದ್ದು ಕಂಡಿತು, ಅವನು ಅವಳ ತಲೆಯ ಮೇಲೆ ಕೈಯಿಟ್ಟಿದ್ದು ಕಂಡಿತು. ವಾಪಸ್ಸು ಬಂದಾಗ ಅವನ ಮುಖ ಬಿಳಿಚಿಕೊಂಡಿತ್ತು.

"'ಮಾವ, ಅಪ್ಪ ಹೋದ್ಮೇಲೆ ಇವತ್ತೇ ಅವ್ವನ್ನ ಬುಟ್ಟು ಆಚೆ ಬಂದಿದ್ದು, ಎಷ್ಟು ಸಂತೋಷ ಆಯ್ತು' ಅಂದ್ಲು. ನನ್ನ ಕೈಲಿ ಆಗ್ಲಿಲ್ಲ ಓಬಳಮ್ಮ. ನೀವೇ ಹೇಳ್ಬುಡಿ."

ಓಬಳಮ್ಮನಿಗೆ ಮೈಯೆಲ್ಲ ಉರಿಯಿತು. ಈಶ್ವರಿಯ ಕಡೆಗೆ ಎರಡು ಹೆಜ್ಜೆ ಇಟ್ಟಳು, ನಿಂತಳು.

"ನಾನು ಹೇಳಲ್ಲ," ಎಂದಳು. ಯಾವತ್ತೂ 'ನೀವು' ಎನ್ನುತ್ತಿದ್ದವಳ ಬಾಯಲ್ಲಿ ಈಗ ಬೇರೆ ಮಾತು ಬಂದಿತು. "ನಿನ್ನ ಕಂಡ್ರೆ ನಂಗೆ ಎಷ್ಟು ಆಸೆ ಗೊತ್ತೇನೋ? ರಜಾ ದಿನ ಬಂದ್ರೆ ಸಂಕಟ ಆಗೋದು. ಆದ್ರೆ ನಾನು ನಿನ್ನ ಕಿತ್ಕೊಂಡು ಬಂದ್ರೆ ನೀನು ನನ್ನ ಮನೇಲಿ ಕೂತು ಅಕ್ಕನ್ನ ನೆನೆಸ್ಕೊಂಡು ಅಳ್ತೀಯ. ನೀನಾಗೇ ಬರಬೇಕಿತ್ತು. ಇವತ್ತು ಬರ್ತೀಯ ಅಂತಲೇ ನಾನು ಹೂ ಮುಡ್ಕೊಂಡಿದ್ದು."

ಗಂಗಣ್ಣ ಅತ್ತ. ಅವನ ಕಣ್ಣೀರನ್ನು ಒಮ್ಮೆ, ಒಂದೇ ಒಂದು ಸಲ, ಅವಳು ತನ್ನ ಅಂಗೈಯಲ್ಲಿ ಒರೆಸಿದಳು. ಅಷ್ಟು ಹತ್ತಿರದಿಂದ ಅವನ ಮುಖವನ್ನು ಅವಳು ನೋಡಿದ್ದೂ ಅದೇ ಮೊದಲು.

ಇಳಿಯುವಾಗ ಈಶ್ವರಿ ಓಡಿ ಬಂದು ಜೊತೆಯಾದಳು. "ಏನಂದ್ರು ಅಕ್ಕ?"

"ಮೇಷ್ಟ್ರಿಗೆ ನಾಚಿಕೆ ಕಣಮ್ಮ. ಹೆಣ್ಣು ಹುಡುಗೀರಿಗಿಂತ ಜಾಸ್ತಿ."

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಬಂಡೆ ನೇರ ಇಳಿಜಾರಾಗುವ ಜಾಗ ಬಂದಿತು. ಹತ್ತುವಾಗ ಗೊತ್ತಾಗದ ಆಳ ಈಗ ಕಣ್ಣಿಗೆ ರಾಚಿತು. ಈಶ್ವರಿ ಅಲ್ಲೇ ಕೂತುಬಿಟ್ಟಳು. ಒಂದು ಕೈಯಲ್ಲಿ ಗಂಗಣ್ಣನನ್ನು, ಇನ್ನೊಂದರಲ್ಲಿ ಓಬಳಮ್ಮನನ್ನು ಬಿಗಿಯಾಗಿ ಹಿಡಿದುಕೊಂಡಳು. ಮೂವರೂ ಅಕ್ಕಪಕ್ಕ ನಿಲ್ಲುವಷ್ಟು ಅಗಲ ಅಲ್ಲಿರಲಿಲ್ಲ.

ಓಬಳಮ್ಮ ಹುಡುಗಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಎರಡು ಕೈಯಲ್ಲೂ ನಿಮ್ಮ ಮಾವನ್ನೇ ಹಿಡ್ಕೊ," ಎಂದಳು. "ಕೆಳಗೆ ನೋಡಬ್ಯಾಡ. ಅವರ ಮಕ ನೋಡ್ಕೊಂಡು ಇಳಿ."

ಆಮೇಲೆ ಅವರಿಬ್ಬರಿಗೂ ತನ್ನ ಮುಖ ಕಾಣದ ಹಾಗೆ, ಬಂಡೆಗೆ ಅಂಗೈ ಊರಿಕೊಂಡು, ಅವಳು ಮುಂದಾಗಿ ಇಳಿಯತೊಡಗಿದಳು.