ಹನ್ನೊಂದನೇ ನಂಬರಿನ ಡಬ್ಬಿ

೧೪ ಸೆಪ್ಟೆಂಬರ್ ೨೦೦೬, ಬೆಳಿಗ್ಗೆ ೧೦.೨೦. ಗಚ್ಚಿಬೌಲಿಯ ಸಾಫ್ಟ್‌ವೇರ್ ಕಂಪನಿಯೊಂದರ ಮ್ಯಾನೇಜರ್ ಜನಾರ್ದನ ಠಾಣೆಗೆ ದೂರು ತಂದರು. ಕ್ಯಾಂಟೀನಿನಲ್ಲಿ ಉಂಡ ಒಂಬತ್ತು ಜನರಿಗೆ ರಕ್ತಭೇದಿ. ಅಪೂರ್ವ ಎಂಬ ಹುಡುಗಿ, ಭೇದಿಯ ರೋಗಾಣು ಅಮೀಬಾ ಯಕೃತ್ತಿಗೂ ಇಳಿದು, ಐಸಿಯುನಲ್ಲಿದ್ದಾಳೆ. ಅಡುಗೆಯ ಹನ್ನೆರಡು ಹೆಂಗಸರಿಗೂ ಜುಲೈನಲ್ಲಿ ಮಲಪರೀಕ್ಷೆಯಾಗಿತ್ತು. ಯಾರಲ್ಲೂ ಏನೂ ಸಿಕ್ಕಿರಲಿಲ್ಲ.

ಇನ್‌ಸ್ಪೆಕ್ಟರ್ ಕಮಲಾಕ್ಷಿ ಎಫ್‌ಐಆರ್ ದಾಖಲಿಸಿದರು. ಅಡುಗೆಯ ಹೆಂಗಸರಂತೆ ಅವರೂ ಜಹೀರಾಬಾದಿನ ಕಡೆಯವರು, ಮನೆಮಾತು ಕನ್ನಡ.

೧೧.೪೫. ಆ ಪರೀಕ್ಷೆ ಮಾಡಿದ್ದ ಲ್ಯಾಬಿನ ಜಯತೀರ್ಥ ಜುಲೈನ ರಿಜಿಸ್ಟರ್ ತೆರೆದ. ಮಲದ ಬಣ್ಣದ ಕಾಲಮ್ಮಿನಲ್ಲಿ ಹತ್ತು ಕಂದು, ಎರಡು ಕಪ್ಪು. ಕಪ್ಪಿನಲ್ಲಿ ನಾಲ್ಕನೇ ನಂಬರು ಭವಾನಿ, ಇಪ್ಪತ್ಮೂರು ವರ್ಷ. ಹನ್ನೊಂದು ಹಂಪಮ್ಮ, ಐವತ್ನಾಲ್ಕು.

"ಕಪ್ಪು ಯಾಕ?"

"ಕಬ್ಬಿಣದ ಗುಳಿಗಿ ಮೇಡಮ್. ಬಸುರೇರು ತಗೋತಾರಲ್ರಿ."

"ಐವತ್ನಾಲ್ಕಕ್ಕ ಬಸುರೇನ್ರಿ? ಡಬ್ಬಿ ತುಂಬೋದು ಯಾರು ನೋಡಿದ್ರು?"

"ಮನಿಯಿಂದ ತರ್ತಾರ್ರಿ. ಅದನ್ನ ಯಾರು ನಿಂತು ನೋಡ್ತಾರ?"

ಈ ಸಲ ಕಾನ್‌ಸ್ಟೇಬಲ್ ತುಳಸಾಬಾಯಿ ಶೌಚಾಲಯದ ಬಾಗಿಲ ಹೊರಗೆ ನಿಂತಳು. ಹಂಪಮ್ಮ ಸೆರಗು ಮುಖಕ್ಕೆ ಎಳೆದುಕೊಂಡು ಡಬ್ಬಿ ಕೊಟ್ಟಳು. ಬಣ್ಣ ಕಂದು. ಪಂಚರ ಎದುರು ಪಂಚನಾಮೆಯಾಯಿತು. ೧.೫೦ಕ್ಕೆ ಸೂಕ್ಷ್ಮದರ್ಶಕದಲ್ಲಿ ಹಳದಿ ಗುಂಡು, ಒಳಗೆ ನಾಲ್ಕು ಚುಕ್ಕಿ. ಅಮೀಬಾ.

೨.೩೦, ಅಡುಗೆಮನೆ. ಬಾಗಿಲಲ್ಲಿ ಗುತ್ತಿಗೆದಾರ ಅಂಬಾದಾಸ. ಈ ಮೊದಲು ಬಸುರಿಯೆಂದು ಗೊತ್ತಾದ ಇಬ್ಬರನ್ನು ಅವನು ಕೆಲಸದಿಂದ ತೆಗೆದಿದ್ದ.

"ಗುಳಿಗಿ ಯಾರು ತಗೋತೀರಿ?"

ಭವಾನಿಯ ಕೈ ಹೊಟ್ಟೆಯತ್ತ ಹೋಗಿ ಅರ್ಧಕ್ಕೇ ನಿಂತಿತು. ಕಮಲಾಕ್ಷಿ ಅದನ್ನು ಕಂಡರು, ಹಂಪಮ್ಮನೂ ಕಂಡಳು.

"ನಾನ ಇನ್ನೊಬ್ಬಾಕಿದು ಇಸ್ಕೊಂಡು ಡಬ್ಬಿ ತುಂಬೀನ್ರಿ. ಯಾರದಂತ ಕೇಳಬ್ಯಾಡ್ರಿ."

ಕಮಲಾಕ್ಷಿ ಅಂಬಾದಾಸನನ್ನು ಹೊರಗೆ ಕಳಿಸಿದರು. "ಔಷಧ ತಗೊಂಡು ಮೂರು ವಾರ ಮನ್ಯಾಗ ಕೂತಿದ್ರ ಆಗತಿತ್ತಲ್ಲವ್ವ. ದವಾಖಾನ್ಯಾಗ ಆ ಅಪೂರ್ವ ಸಾಯಾಕತ್ತಾಳ."

"ಹೋದ ವರ್ಷ ಕೂತಿದ್ನಿರಿ. ವಾಸಿ ಆಗಿ ಬಂದೆ. ಆರು ತಿಂಗಳು ಇವರ್ಯಾರೂ ನನ್ನ ಬುತ್ತಿಗೆ ಕೈ ಹಾಕಲಿಲ್ಲ. ಊರಿಗೆಲ್ಲ ರೊಟ್ಟಿ ಬಡಿಯೋ ಕೈರಿ ಇದು. ಒಬ್ಬಾಕಿ ಅಷ್ಟ ನನ್ನ ಜೋಡಿ ಉಂಡಳು." ಭವಾನಿಯನ್ನು ಬಿಟ್ಟು ಸಾಲಿನಲ್ಲಿದ್ದ ಹೆಂಗಸರು ನೆಲ ನೋಡಿದರು. "ಜುಲೈದಾಗ ಹೊಟ್ಟಿ ಮತ್ತ ಕಚ್ಚಾಕತ್ತಿತು. ಹೇಳಾಕ ಬಾಯಿ ಬರಲಿಲ್ರಿ."

ಎಲ್ಲರ ಪರೀಕ್ಷೆಯೂ ಮತ್ತೆ ನಡೆಯಿತು. ಭವಾನಿಯ ಹೇಳಿಕೆಯನ್ನು ಕಮಲಾಕ್ಷಿ ಠಾಣೆಯಲ್ಲಿ, ಅಂಬಾದಾಸನ ಕಿವಿಗೆ ಬೀಳದಂತೆ ಪಡೆದರು.

೫.೪೦. ಬಂಧನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹಂಪಮ್ಮ ಕೇಳಿದಳು: "ನಾಕನೇ ನಂಬರಿಂದು ರಿಪೋರ್ಟ್ ಬಂತೇನ್ರಿ?"

"ಬಂತು. ಏನೂ ಇಲ್ಲ."

ತುಳಸಾಬಾಯಿ ಚಹಾದ ಗ್ಲಾಸು ನೀಡಿದಳು. ಹಂಪಮ್ಮ ಕೈ ಹಿಂದಕ್ಕೆಳೆದುಕೊಂಡಳು. "ಕೆಳಗಿಡ್ರಿ, ತಗೋತೀನಿ."

ವರದಿಯಲ್ಲಿ ತಪ್ಪಿನ ಕಾರಣದ ಜಾಗದಲ್ಲಿ ಕಮಲಾಕ್ಷಿ 'ಕೆಲಸ ಹೋಗುವ ಭಯ' ಎಂದು ಬರೆದಿದ್ದರು. ಅದನ್ನು ಹೊಡೆದುಹಾಕಿ, 'ಆರು ತಿಂಗಳು ಯಾರೂ ಬುತ್ತಿಗೆ ಕೈ ಹಾಕಲಿಲ್ಲ' ಎಂದು ಬರೆದರು.