ಬೆಲ್ಟಿಗೆ ಇನ್ನೊಂದು ತೂತು

“ಇನ್ನೊಂದು ತೂತು ಹಾಕಿಕೊಡಿ ಮೇಡಂ.”

ಚರ್ಮದ ಅಂಗಡಿಯ ಹುಡುಗಿ ಬೆಲ್ಟನ್ನು ನೋಡಿಯೇ ಗುರುತಿಸಿದಳು. ಅವಳೇ ಹೊಲಿದದ್ದು, ಈ ತಿಂಗಳಲ್ಲೇ ಎರಡು ಸಲ ತೂತು ಹಾಕಿಕೊಟ್ಟದ್ದು. ಒಬ್ಬನೇ ಬೀರು ಹೊತ್ತು ಮಹಡಿ ಹತ್ತುವ ಈ ಹಮಾಲಿಗೆ ‘ಬೀರು’ ಎಂದು ಹೆಸರಿಟ್ಟವಳೂ ಅವಳೇ.

ಈಗ ಬೀರು ಕರಗುತ್ತಿದ್ದ. ಕೆನ್ನೆ ಗುಳಿಬಿದ್ದಿತ್ತು. ಒಂದು ಕೈಯಲ್ಲಿ ಪ್ಯಾಂಟು ಹಿಡಿದು ನಿಂತಿದ್ದ. ಅವಳತ್ತ ನೋಡುವಾಗ ಮಾತ್ರ ಕಣ್ಣಂಚಿನಲ್ಲಿ ಹಳೆಯ ತುಂಟತನ ಇಣುಕುತ್ತಿತ್ತು.

“ಯಾರಪ್ಪಾ ಆ ಪುಣ್ಯವತಿ? ಮದುವೆ ಗೊತ್ತಾಯ್ತೇನು?”

ನಗುತ್ತಲೇ ಕೇಳಿದಳು. ಉಳಿಯನ್ನು ಮಾತ್ರ ಬೆಲ್ಟಿನ ಮೇಲೆ ಬೇಕಿದ್ದಕ್ಕಿಂತ ಗಟ್ಟಿಯಾಗಿ ಒತ್ತಿದಳು.

“ಹಾಗೇ ಅಂದ್ಕೊಳ್ಳಿ,” ಎಂದ. ನಗಲಿಲ್ಲ.

ಅವಳು ಸುತ್ತಿಗೆ ಎತ್ತುವಷ್ಟರಲ್ಲಿ ಅವನು ಧೊಪ್ಪೆಂದು ಬಿದ್ದ.

ಓಡಿಬಂದು ಅವನ ತಲೆಯನ್ನು ಮಡಿಲಿಗೆಳೆದುಕೊಂಡು ನೀರು ಚಿಮುಕಿಸಿದಳು. “ಏಯ್ ಬೀರು! ಕಣ್ಣು ಬಿಡೋ! ಯಾವಾಗ ಊಟ ಮಾಡಿದ್ದು?”

“ಮೊನ್ನೆ ಇರ್ಬೇಕು... ಏಕವಚನಕ್ಕೆ ಇಳಿದುಬಿಟ್ರಲ್ಲ ಮೇಡಂ.”

“ನಾಲಿಗೆ ಮಾತ್ರ ಸೊರಗಿಲ್ಲ! ಯಾವಳಿಗೋಸ್ಕರ ಹೀಗೆ ಸಾಯ್ತಿದೀಯ, ಹೇಳು!”

“ಅಕ್ಕನಿಗೋಸ್ಕರ.”

ಅವಳ ಕೈ ಅವನ ಹಣೆಯ ಮೇಲೆಯೇ ನಿಂತುಹೋಯಿತು.

“ಸಾಕಿದ ಅಕ್ಕ. ಎರಡೂ ಕಿಡ್ನಿ ಹೋಗಿದೆ. ನಂದು ಹೊಂದುತ್ತಂತೆ. ಆದ್ರೆ ತೂಕ ನೋಡಿದ್ರು, ಎತ್ತರ ಅಳೆದ್ರು, ಬಿಎಂಐ ಜಾಸ್ತಿ, ಇಳಿಸ್ಕೊಂಡು ಬಾ ಅಂದ್ರು. ಅಲ್ಲಿ ಅವಳು ದಿನಾ ಇಳಿದುಹೋಗ್ತಿದಾಳೆ, ಈ ದರಿದ್ರ ಮೈ ಇಳೀತಿಲ್ಲ. ಜೀವ ಬೇಕಾದ್ರೂ ಕೊಡ್ತೀನಿ, ಕಿಡ್ನಿ ಕೊಡೋಕೆ ದಪ್ಪ ಆಗ್ಬಿಟ್ಟಿದೀನಿ!”

ಇಷ್ಟು ದಿನ ತಾನು ಹೊಟ್ಟೆಕಿಚ್ಚುಪಟ್ಟದ್ದು ಒಬ್ಬ ರೋಗಿಯ ಮೇಲೆ! ಅವಳು ಶಟರ್ ಎಳೆದು, ಅವನನ್ನು ಟ್ಯಾಕ್ಸಿಗೆ ಹತ್ತಿಸಿದಳು.

ಅಕ್ಕನಿಗೆ ಚಿಕಿತ್ಸೆ ನಡೆಯುತ್ತಿದ್ದ ಆಸ್ಪತ್ರೆಯ ಡಾಕ್ಟರಮ್ಮ ಕೆಂಡಾಮಂಡಲವಾದರು. “ಉಪವಾಸ ಬೀಳಿ ಅಂತ ಯಾರ್ರೀ ಹೇಳಿದ್ದು? ಬಿಎಂಐ ಅಂದ್ರೆ ಮೊದಲ ಜರಡಿ ಅಷ್ಟೇ. ತೂಕವನ್ನ ಎತ್ತರದ ವರ್ಗದಿಂದ ಭಾಗಿಸ್ತೀವಿ. ಆ ತೂಕ ಕೊಬ್ಬಿಂದೋ, ಮೂಟೆ ಹೊತ್ತು ಬೆಳೆದ ಮಾಂಸಖಂಡದ್ದೋ, ಆ ಲೆಕ್ಕಕ್ಕೆ ಗೊತ್ತಾಗಲ್ಲ. ಸೊಂಟದ ಸುತ್ತಳತೆ, ಬಿಪಿ, ಸಕ್ಕರೆ, ಕಿಡ್ನಿ ಕೆಲಸ ಎಲ್ಲಾ ನೋಡ್ಬೇಕು. ತೂಕ ಇಳಿಸಬೇಕಾದ್ರೂ ಉಂಡೇ ಇಳಿಸ್ಬೇಕು.”

“ಹಾಗಾದ್ರೆ ಕಿಡ್ನಿ ಕೊಡೋಕೆ ಆಗುತ್ತಾ ಡಾಕ್ಟ್ರೇ?” ಅವನು ಕೇಳಿದ.

“ಈಗ್ಲೇ ಮಾತು ಕೊಡೋಕಾಗಲ್ಲ. ಮೊದಲು ಏನಾದ್ರೂ ತಿನ್ನಿ, ಆಮೇಲೆ ಅಳತೆಗೆ ಕರೀತೀವಿ.”

ಹೊರಗಿನ ಬೆಂಚಿನಲ್ಲಿ ಅವಳು ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ಕೊಟ್ಟಳು. ಅವನು ತಿನ್ನುತ್ತಲೇ ಬಿಕ್ಕಿದ.

“ಆಗಲ್ಲ ಅಂದ್ಬಿಟ್ರೆ?”

ಅವಳು ಅಂಗಡಿಯಿಂದ ಹಿಡಿದುಕೊಂಡೇ ಬಂದಿದ್ದ ಬೆಲ್ಟನ್ನು ಆಗಷ್ಟೇ ಗಮನಿಸಿದಳು. ಮೆಲ್ಲಗೆ ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು.

“ಇನ್ನು ತೂತು ಹಾಕಲ್ಲ. ಇದು ನನ್ನ ಹತ್ರಾನೇ ಇರುತ್ತೆ. ಅವರು ಹೂಂ ಅನ್ಲಿ, ಉಹೂಂ ಅನ್ಲಿ, ನೀನು ನನ್ನ ಹತ್ರಾನೇ ಬರ್ಬೇಕು.”

ಅವನು ಒದ್ದೆ ಕಣ್ಣಲ್ಲೇ ಅವಳನ್ನು ನೋಡಿದ. “ಅಲ್ಲೀವರೆಗೂ ಪ್ಯಾಂಟು?”

“ಕೈಯಲ್ಲಿ ಹಿಡ್ಕೋ.”

ಒಳಗಿನಿಂದ ನರ್ಸ್ ಕರೆದರು. ಅವನು ಎಡಗೈಯಲ್ಲಿ ಪ್ಯಾಂಟು ಹಿಡಿದು ಎದ್ದ. ಬಲಗೈಯನ್ನು ಅವಳತ್ತ ಚಾಚಿದ.

“ಈ ಕೈ ಖಾಲಿ ಇದೆ.”

ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ಇಬ್ಬರೂ ಒಳಗೆ ಹೋದರು.